ಸಂವಹನಶಾಸ್ತ್ರದಲ್ಲಿ ಡಾಕ್ಟರ್ ಪದವಿ: ಅದರ ಪೂರ್ವೋತ್ತರ ಮತ್ತು ಕ್ರಮ

ಶಾಸ್ತ್ರವೊಂದನ್ನು ಆರಂಭಿಸುವುದಕ್ಕೆ ಮುಂಚೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ವಿಚಾರಿಸುವುದು ಭರತಖಂಡದ ಪಾಠಶಾಲೆಗಳಲ್ಲಿ ರೂಢಮೂಲವಾದ ಸಂಪ್ರದಾಯವಾಗಿದೆ. ಇಂದಿನ ವಿಶ್ವವಿದ್ಯಾಲಯಗಳು ಕೊಡುವ ಪಿಎಚ್.ಡಿ. ಪದವಿಯ ನಿಯಮಗಳನ್ನು ಪರಿಶೀಲಿಸಿದರೆ, ಹೆಸರುಗಳು ಬೇರೆಯಾದರೂ ಈ ನಾಲ್ಕೇ ಅಲ್ಲಿಯೂ ಕಾಣಬರುತ್ತವೆ. ಪತ್ರಿಕೆ, ಆಕಾಶವಾಣಿ ಮೊದಲಾದವನ್ನು ಕುರಿತ ಸಂವಹನಶಾಸ್ತ್ರವನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ವಿವೇಚಿಸಬಹುದು.

‘ಡಾಕ್ಟರ್’ ಎಂಬ ಶಬ್ದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಬೋಧಿಸುವವನು ಎಂದು ಅರ್ಥ. ಸ್ವತಂತ್ರ ಸಂಶೋಧನೆಯೇ ಈ ಪದವಿಗೆ ಆಧಾರವೆಂಬ ಪದ್ಧತಿ 1810ರಲ್ಲಿ ಸ್ಥಾಪಿತವಾದ ಬರ್ಲಿನ್ ವಿಶ್ವವಿದ್ಯಾಲಯದ ಆದರ್ಶದಿಂದ ಬಲಗೊಂಡಿತು. ಅಮೆರಿಕದ ಯೇಲ್ ಅದನ್ನು 1861ರಲ್ಲಿಯೂ, ಆಕ್ಸ್‌ಫರ್ಡ್ 1917ರಲ್ಲಿಯೂ ಕೈಗೊಂಡವು. ಕನ್ನಡನಾಡಿನಲ್ಲಿಯಾದರೋ ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆ 1876ರಿಂದ ವಿದ್ವಾಂಸರನ್ನು ತಯಾರುಮಾಡುತ್ತಿದ್ದಿತು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಈ ಎರಡು ಪರಂಪರೆಗಳೂ ಒಬ್ಬರಲ್ಲಿಯೇ ಕೂಡಿದುದಕ್ಕೆ ಅರ್ಥಶಾಸ್ತ್ರವನ್ನು 1909ರಲ್ಲಿ ಪ್ರಕಟಿಸಿದ ಆರ್. ಶಾಮಾಶಾಸ್ತ್ರಿಗಳೇ ಸಾಕ್ಷಿ. ಪಂಡಿತರಾಗಿದ್ದ ಅವರನ್ನು ಕಲ್ಕತ್ತೆಯ ವಿಶ್ವವಿದ್ಯಾಲಯವು ಡಾಕ್ಟರ್ ಪದವಿಯಿಂದ ಗೌರವಿಸಿತು.

ಇನ್ನು ವಿಷಯದ ಮಾತು. ಹರ್ಮನ್ ಮೋಗ್ಲಿಂಗನ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟಿತು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಬಿತ್ತರಿಸಿದರು. ಅದೇ ಕಾಲೇಜಿನಲ್ಲಿ 1951ರಲ್ಲಿ ಪತ್ರಿಕೋದ್ಯಮದ ಬೋಧನೆ ಮೊದಲಾಯಿತು. ಅದಕ್ಕೆ ಕಾರಣರಾದ ನಾಡಿಗ ಕೃಷ್ಣಮೂರ್ತಿಯವರು ಭಾರತೀಯ ಪತ್ರಿಕೋದ್ಯಮದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 1966ರಲ್ಲಿ ಹೊರತಂದರು. ಹೀಗೆ ಪತ್ರಿಕೆ ನಡೆಸುವ ಕಸುಬು ನೂರು ವರ್ಷ ಕಳೆದ ಬಳಿಕ ಶಾಸ್ತ್ರವಾಯಿತು. ಪ್ರಯೋಗವು ಮುಂದೆ, ಲಕ್ಷಣವು ಹಿಂದೆ ಎಂಬುದು ವ್ಯಾಕರಣದಲ್ಲಿಯೂ ಕಂಡ ಕ್ರಮವೇ ಸರಿ.

ಅಧಿಕಾರಿಯ ಲಕ್ಷಣವನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ನಿಯಮಾವಳಿಯಲ್ಲಿ ಹೇಳಿದೆ. ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55 ಅಂಕಗಳು, ಇಲ್ಲವೆ ನಾಲ್ಕು ವರ್ಷದ ಸ್ನಾತಕ ಪದವಿಯಲ್ಲಿ ಶೇಕಡ 75 ಇರತಕ್ಕದ್ದು. ಹಿಂದುಳಿದವರೇ ಮೊದಲಾದ ಕೆಲವು ವರ್ಗಗಳಿಗೆ ಶೇಕಡ 5ರ ರಿಯಾಯಿತಿಯುಂಟು. ವಿಶ್ವವಿದ್ಯಾಲಯವೇ ಪ್ರವೇಶಪರೀಕ್ಷೆಯನ್ನು ನಡೆಸಿದಲ್ಲಿ ಬರಹಕ್ಕೆ 70, ಸಂದರ್ಶನಕ್ಕೆ 30ರ ತೂಕ. ಸೇರಿದ ಮೇಲೆ ಮಾರ್ಗದರ್ಶಕರು ಗೊತ್ತಾಗುತ್ತಾರೆ. ಒಬ್ಬ ಪ್ರಾಧ್ಯಾಪಕನ ಕೈಕೆಳಗೆ ಒಂದು ಕಾಲಕ್ಕೆ ಎಂಟು ಮಂದಿಗಿಂತ ಹೆಚ್ಚು ಶಿಷ್ಯರು ಇರಕೂಡದು. ಅವಧಿಯು ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು. ಅನಂತರ ಎರಡು ವರ್ಷಗಳ ಮುಂದುವರಿಕೆಗೆ ಅವಕಾಶವಿದೆ. ಸ್ತ್ರೀಯರಿಗೂ ಅಂಗವೈಕಲ್ಯವುಳ್ಳವರಿಗೂ ಮತ್ತೆರಡು ವರ್ಷ ಸಲ್ಲುತ್ತವೆ.

ಮುಂದಿನ ಹಂತಗಳನ್ನು ಒಂದು ಉದಾಹರಣೆಯಿಂದ ತಿಳಿಯುವುದು ಸುಲಭ. ಸಕಲೇಶಪುರದಿಂದ ಹೆತ್ತೂರು, ವನಗೂರುಗಳ ಮೇಲೆ ಬಿಸಿಲೆಯ ಘಟ್ಟಕ್ಕೆ ಹೋಗುವ ದಾರಿಯ ಇಕ್ಕೆಲದಲ್ಲಿಯೂ ಕಾಫಿ, ಏಲಕ್ಕಿಗಳ ತೋಟಗಳಿವೆ. ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳ ಹಾವಳಿಯಿಂದ ಪ್ರಾಣಹಾನಿಯಾದುದುಂಟು. ಆನೆಗಳು ಎಲ್ಲಿವೆಯೆಂಬುದನ್ನು ಅರಣ್ಯ ಇಲಾಖೆಯವರು ಮೊಬೈಲು ಸಂದೇಶಗಳ ಮೂಲಕ ತಿಳಿಸುತ್ತಾರೆ. ಮುಂಜಾನೆ ತೋಟಕ್ಕೆ ಹೊರಡುವ ಕೂಲಿಯವಳಿಗೆ ಆ ಸುದ್ದಿ ವೇಳೆಗೆ ಸರಿಯಾಗಿ ಮುಟ್ಟಿತೇ? ಮುಟ್ಟಿದರೆ ಅವಳು ಅದನ್ನು ನಂಬಿದಳೇ? ಸಂವಹನಶಾಸ್ತ್ರದ ಮಹಾಪ್ರಬಂಧಕ್ಕೆ ಇದಕ್ಕಿಂತ ಗುರುತರವಾದ ವಿಷಯ ಬೇಡ, ಪ್ರಯೋಜನವಂತೂ ಪ್ರತ್ಯಕ್ಷವಾಗಿದೆ.

ಇಂಥ ವಿಷಯವನ್ನು ಹಿಡಿದ ವಿದ್ಯಾರ್ಥಿಯು ಮೊದಲು ಸಂಶೋಧನಾ ವಿಧಾನ, ನೀತಿ ಮೊದಲಾದವುಗಳ ಪಾಠಕ್ರಮವನ್ನು ಮುಗಿಸಬೇಕು. ಅದರ ಪ್ರಮಾಣ ಕನಿಷ್ಠ 12 ಕ್ರೆಡಿಟ್ಟುಗಳು. ಬಳಿಕ ಪೂರ್ವಸೂರಿಗಳ ಗ್ರಂಥಗಳನ್ನು ಓದಿ ಸಂಶಯವನ್ನು ನಿರೂಪಿಸಬೇಕು. ಮೀಮಾಂಸಕರು ಅಧಿಕರಣದಲ್ಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿಗಳೆಂದು ಎಣಿಸುವುದು ಇದನ್ನೇ. ಸಂಶಯವಿಲ್ಲದ ಕಡೆ ಅಧಿಕರಣವಿಲ್ಲ. ಹಾಗೆಯೇ ಪ್ರಶ್ನೆಯಿಲ್ಲದ ಕಡೆ ಪ್ರಬಂಧವೂ ಇಲ್ಲ. ಪ್ರಮಾಣದ ವಿಚಾರದಲ್ಲಿ ಮಾತ್ರ ಭೇದವಿದೆ. ಪಾಠಶಾಲೆಯ ವಿದ್ಯಾರ್ಥಿಗೆ ಶಬ್ದವೇ ಮುಖ್ಯ. ಇವನು ಮನೆಮನೆಗೆ ನಡೆದು, ಕೇಳಿ, ಎಣಿಸಿ ಬರಬೇಕು. ಪ್ರತಿ ಅರ್ಧವರ್ಷಕ್ಕೊಮ್ಮೆ ಸಲಹಾಸಮಿತಿಯ ಮುಂದೆ ನಿಂತು, ಆದಷ್ಟು ಕೆಲಸವನ್ನು ಒಪ್ಪಿಸಬೇಕು.

ಪ್ರಬಂಧವು ಸಿದ್ಧವಾದ ಮೇಲೆ ವಿಭಾಗದಲ್ಲಿ ಅದನ್ನು ಮಂಡಿಸಿ, ಬಂದ ಆಕ್ಷೇಪಗಳಿಗೆ ತಕ್ಕಂತೆ ತಿದ್ದಬೇಕು. ಕೃತಿಚೌರ್ಯದ ಪರೀಕ್ಷೆ ಆಗತಕ್ಕದ್ದು. ಸಂಶೋಧನ ಪತ್ರಿಕೆಯಲ್ಲಿ ಲೇಖನ ಅಚ್ಚಾಗಿರಲೇಬೇಕೆಂಬ ಹಿಂದಿನ ಕಡ್ಡಾಯವನ್ನು 2022ರಲ್ಲಿ ತೆಗೆದುಹಾಕಿದರು. ಮಾರ್ಗದರ್ಶಕರಲ್ಲದೆ ಕನಿಷ್ಠ ಇಬ್ಬರು ಹೊರಗಿನ ವಿದ್ವಾಂಸರು ಪ್ರಬಂಧವನ್ನು ಪರೀಕ್ಷಿಸುತ್ತಾರೆ. ಕೊನೆಯದು ಮೌಖಿಕ ಪರೀಕ್ಷೆ. ಅದಕ್ಕೆ ಅಧ್ಯಾಪಕರೂ ಇತರ ಸಂಶೋಧಕರೂ ಬರಬಹುದಾದುದರಿಂದ ಅದು ವಾಕ್ಯಾರ್ಥಸಭೆಯ ಉತ್ತರಾಧಿಕಾರಿಯೆಂದೇ ಹೇಳಬೇಕು. ಗ್ರಂಥವನ್ನು ಬರೆದವನೇ ಗ್ರಂಥದ ಅರ್ಥವನ್ನು ಬಲ್ಲನೇ ಎಂಬುದು ಅಲ್ಲಿಯೇ ತೀರ್ಮಾನವಾಗುವುದು.

ಉಳಿದುದು ಸಂಬಂಧ. ಎ. ಎನ್. ನರಸಿಂಹಯ್ಯನವರು ಪ್ರಾಚೀನ ಕನ್ನಡ ಶಾಸನಗಳ ವ್ಯಾಕರಣವನ್ನೂ, ಜಿ. ಎಸ್. ಗಾಯಿಯವರು ಹಳಗನ್ನಡದ ಚಾರಿತ್ರಿಕ ವ್ಯಾಕರಣವನ್ನೂ ಬರೆದುದು ಇಂಗ್ಲಿಷಿನಲ್ಲಿ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು 1966ರಲ್ಲಿ ಅಚ್ಚಾಗಿ, ಪದವಿಗಾಗಿ ಬರೆದ ಮಹಾಪ್ರಬಂಧವು ಕನ್ನಡದಲ್ಲಿದ್ದೂ ಶಾಸ್ತ್ರಗೌರವವನ್ನು ಪಡೆಯಬಲ್ಲುದೆಂಬುದನ್ನು ತೋರಿಸಿಕೊಟ್ಟಿತು. ಸಂವಹನ ವಿಭಾಗಗಳಲ್ಲಿಯೋ ಪ್ರಬಂಧಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಬರುತ್ತಿವೆ. ವನಗೂರಿನ ತೋಟದವಳು ಕನ್ನಡದಲ್ಲಿ ಕೊಟ್ಟ ಉತ್ತರವು ಇಂಗ್ಲಿಷಿಗೆ ಹೋಗಿ, ಅವಳ ಊರಿಗೆ ಹಿಂದಿರುಗದೆ ಉಳಿದರೆ, ಸಂವಹನವನ್ನು ಕುರಿತ ಶಾಸ್ತ್ರದಲ್ಲಿಯೇ ಸಂವಹನವು ತಪ್ಪಿದಂತಾಗುವುದು. ಬೇರೆ ಬೇರೆ ಭಾಷೆಗಳ ಪಂಡಿತರಿಗಾಗಿ ಇಂಗ್ಲಿಷು ಬೇಕೆಂಬ ಪೂರ್ವಪಕ್ಷವು ಅಲ್ಲಗಳೆಯತಕ್ಕದ್ದಲ್ಲ. ಆದರೆ ಫಲವು ಯಾರಿಗೆ ಸಲ್ಲಬೇಕೋ ಅವರ ಭಾಷೆಯನ್ನು ಬಿಟ್ಟರೆ ವಿಷಯಕ್ಕೂ ಪ್ರಯೋಜನಕ್ಕೂ ಇರುವ ಸಂಬಂಧವು ಕಡಿದುಹೋಗುತ್ತದೆ. ಅಧಿಕಾರಿಯನ್ನು ಇಷ್ಟು ಎಚ್ಚರದಿಂದ ಪರೀಕ್ಷಿಸುವ ವಿಶ್ವವಿದ್ಯಾಲಯಗಳು ಈ ನಾಲ್ಕನೆಯ ಅನುಬಂಧವನ್ನೂ ಅಷ್ಟೇ ಎಚ್ಚರದಿಂದ ಪರೀಕ್ಷಿಸುವುದು ಉಚಿತ.