ಆಸ್ಪತ್ರೆಯ ಬೀಗದ ಕೈ ಯಾರ ಬಳಿ?

ಮಳೆಗಾಲದಲ್ಲಿ ವನಗೂರು, ಹೆತ್ತೂರು, ಬಿಸಿಲೆ ಕಡೆಯವರಿಗೆ ಕಾಯಿಲೆ ಬಂದರೆ ಮೊದಲು ಏಳುವ ಪ್ರಶ್ನೆ ಯಾವ ಡಾಕ್ಟರು ಎಂಬುದಲ್ಲ, ಯಾರ ಜೀಪು ಎಂಬುದು. ಬಸ್ಸು ಹೋಗಿಯಾಗಿರುತ್ತದೆ, ದಾರಿಗೆ ಮರ ಬಿದ್ದಿರುತ್ತದೆ, ಕರೆಂಟು ಹೋಗಿ ಎರಡು ದಿನವಾಗಿರುತ್ತದೆ. ಹೇಗೋ ಜೀಪು ಹೊಂದಿಸಿಕೊಂಡು ಆಸ್ಪತ್ರೆ ಮುಟ್ಟಿದರೆ ಅಲ್ಲಿ ಎರಡನೆಯ ಪ್ರಶ್ನೆ ಕಾದಿರುತ್ತದೆ. ಬಾಗಿಲು ಹಾಕಿದ್ದರೆ, ಔಷಧಿ ಇಲ್ಲದಿದ್ದರೆ, ಕೇಳಬೇಕಾದ್ದು ಯಾರನ್ನು? ಪಂಚಾಯತಿಯವರನ್ನೇ, ಜಿಲ್ಲಾ ಆರೋಗ್ಯಾಧಿಕಾರಿಯನ್ನೇ, ಶಾಸಕರನ್ನೇ, ತೋಟದ ಸಾಹುಕಾರರನ್ನೇ?

ಮೇಲ್ನೋಟಕ್ಕೆ ಇದು ಕಚೇರಿಯ ವಿಷಯ. ಆದರೆ ಮಂಜರಾಬಾದ್ ಸೀಮೆಯಲ್ಲಿ ಈ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಪ್ರತಿ ಕಾಲವೂ ತನ್ನದೇ ಉತ್ತರ ಕೊಟ್ಟಿದೆ, ಹಳೆಯ ಉತ್ತರವನ್ನು ಮಾತ್ರ ಯಾರೂ ಪೂರ್ತಿ ಅಳಿಸಲಿಲ್ಲ.

ಮೊದಲ ಉತ್ತರ ಸಕಲೇಶಪುರದ ಸರ್ಕಾರಿ ಆಸ್ಪತ್ರೆಯ ಹೆಸರಿನಲ್ಲೇ ಇದೆ. ಇವತ್ತಿಗೂ ಜನ ಅದನ್ನು ಕ್ರಾಫರ್ಡ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಕ್ರಾಫರ್ಡ್ ಇಲ್ಲಿ ಕಾಫಿ ತೋಟ ಮಾಡಿದ ಇಂಗ್ಲಿಷ್ ದೊರೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಗುಡ್ಡಗಳಿಗೆ ಬಂದ ಯುರೋಪಿಯನ್ ತೋಟಗಾರರಿಗೆ ಕೂಲಿಯಾಳುಗಳ ಜ್ವರ ಒಂದು ಲೆಕ್ಕದ ಬಾಬತ್ತೂ ಆಗಿತ್ತು. ಆಳು ಮಲಗಿದರೆ ಹಣ್ಣು ಕುಯ್ಯುವವರಿಲ್ಲ. ಹಾಗಾಗಿ ಕ್ವಿನೈನ್ ಹಂಚುವುದು ದೊರೆಯ ಔದಾರ್ಯವೂ ಹೌದು, ತೋಟದ ಅಗತ್ಯವೂ ಹೌದು. ಹಾಸನದಲ್ಲಿ ಮಿಷನರಿಗಳ ರೆಡ್‌ಫರ್ನ್ ಆಸ್ಪತ್ರೆ ಬೇರೆಯ ಪ್ರೇರಣೆಯಿಂದ ಹುಟ್ಟಿದ್ದು. ಆದರೂ ಎರಡರಲ್ಲಿಯೂ ಒಂದು ಸಾಮ್ಯವಿದೆ. ಕೊಡುವವನು ದೊಡ್ಡವನು, ಪಡೆಯುವವನು ಕೈಮುಗಿದು ನಿಂತವನು. ದಾನದ ಆಸ್ಪತ್ರೆಯಲ್ಲಿ ಲೆಕ್ಕ ಕೇಳುವ ಹಕ್ಕು ರೋಗಿಗೆ ಇರುವುದಿಲ್ಲ.

ಎರಡನೆಯ ಉತ್ತರ ಮೈಸೂರು ಸರ್ಕಾರದ್ದು. ಭೂಕಂದಾಯದ ಜೊತೆ ವಸೂಲಾದ ಸೆಸ್ಸಿನ ಹಣದಿಂದ ‘ಲೋಕಲ್ ಫಂಡ್’ ಡಿಸ್ಪೆನ್ಸರಿಗಳು ನಡೆದವು. ರೈತನ ಹಣವಾದರೂ ಅದರ ಮೇಲಿನ ಕೈ ಬಹುಕಾಲ ಅಮಲ್ದಾರರದ್ದೇ ಆಗಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912–1918) ಮಲೆನಾಡು ಸುಧಾರಣೆಯ ಯೋಜನೆ ಹೊರಟಿತು. ಜ್ವರದಿಂದ ಊರಿಗೆ ಊರೇ ಕರಗುತ್ತಿದೆ ಎಂಬ ಆತಂಕ ಅದರ ಹಿಂದಿತ್ತು. ಆಮೇಲೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ತಜ್ಞರು ಮೈಸೂರಿಗೆ ಬಂದರು. ಮಲೇರಿಯಾ ಅಧ್ಯಯನಕ್ಕೆ ಅವರು ಆರಿಸಿಕೊಂಡ ಮೂರು ಸ್ಥಳಗಳು ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿ, ಹಿರಿಯೂರು ಮತ್ತು ನಮ್ಮ ಪಕ್ಕದ ಮೂಡಿಗೆರೆ. ನಾಲೆಯ ನೀರಿನ ಸೊಳ್ಳೆ ಬೇರೆ, ಮಲೆನಾಡಿನ ಹಳ್ಳದ ಸೊಳ್ಳೆ ಬೇರೆ ಎಂಬುದು ಹೀಗೆ ಸ್ಥಳದಲ್ಲೇ ಕುಳಿತು ನೋಡಿದವರಿಗೆ ತಿಳಿಯಿತು. ಒಂದು ಊರಿಗೆ ಹೊಂದುವ ಉಪಾಯ ಇನ್ನೊಂದಕ್ಕೆ ಹೊಂದದು ಎಂದು ಸೊಳ್ಳೆಯ ವಿಷಯದಲ್ಲಿ ನಮ್ಮವರು ಬೇಗ ಒಪ್ಪಿದರು. ಆಡಳಿತದ ವಿಷಯದಲ್ಲಿ ಅಷ್ಟು ಬೇಗ ಒಪ್ಪಲಿಲ್ಲ.

1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯನ್ನು ನಾವು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗಾಗಿ ನೆನೆಯುತ್ತೇವೆ. ಅದೇ ವರದಿ ಪ್ರತಿ ಹಳ್ಳಿಯಲ್ಲಿ ಐದರಿಂದ ಏಳು ಜನರ ಆರೋಗ್ಯ ಸಮಿತಿ ಇರಬೇಕು ಎಂದೂ ಹೇಳಿತ್ತು. ಕೇಂದ್ರಗಳು ಬಂದವು, ಸಮಿತಿಗಳು ಕಾಗದದಲ್ಲೇ ಉಳಿದವು. ಕಟ್ಟಡ ಕಟ್ಟುವುದು ಸುಲಭ, ಅದರ ಮೇಲಿನ ಅಧಿಕಾರ ಹಂಚುವುದು ಕಷ್ಟ.

ನಡುವೆ ಮಲೆನಾಡಿಗೆ ಮಾತ್ರ ಸಂಬಂಧಿಸಿದ ಇನ್ನೊಂದು ಏರ್ಪಾಡು ಸೇರಿಕೊಂಡಿತು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯ ಪ್ರಕಾರ ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯ ಒದಗಿಸುವುದು ತೋಟದ ಮಾಲೀಕನ ಹೊಣೆಯಾಗಿತ್ತು. ಒದಗಿಸದಿದ್ದರೆ ಸರ್ಕಾರದ ಮುಖ್ಯ ಇನ್‌ಸ್ಪೆಕ್ಟರ್ ತಾನೇ ಏರ್ಪಾಡು ಮಾಡಿ ಖರ್ಚನ್ನು ಮಾಲೀಕನಿಂದ ವಸೂಲು ಮಾಡಬಹುದಿತ್ತು. ಐವತ್ತು ಅಥವಾ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುವಿಹಾರ ಇರಬೇಕಿತ್ತು. ದೊರೆಯ ದಯೆ ಹೀಗೆ ಕಾನೂನಿನ ಹಕ್ಕಾಯಿತು. ಇದು ಸಣ್ಣ ಮಾತಲ್ಲ.

ಆದರೆ ಕಾಯ್ದೆಗೊಂದು ಹೊಸ್ತಿಲು ಇತ್ತು. ಮೊದಲು 25 ಎಕರೆ ಮತ್ತು 30 ಆಳು. 1981ರ ತಿದ್ದುಪಡಿಯ ನಂತರ 5 ಹೆಕ್ಟೇರು ಮತ್ತು 15 ಆಳು. ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಚಿಕ್ಕವು, ಎಷ್ಟೋ ತೋಟ ಹೊಸ್ತಿಲಿನಿಂದ ಆಚೆಗೇ ಉಳಿದವು. ದೊಡ್ಡ ಎಸ್ಟೇಟಿನ ಲೈನಿನಲ್ಲಿರುವ ಆಳಿಗೆ ಕಾಗದದ ಮೇಲಾದರೂ ಡಾಕ್ಟರಿದ್ದಾನೆ. ಬೇಲಿಯಾಚೆ ನಾಲ್ಕು ಎಕರೆ ತೋಟದ ಆಳಿಗೆ ಅದೂ ಇಲ್ಲ. ಆ ನಾಲ್ಕು ಎಕರೆಯವನನ್ನು ದೂರುವುದೂ ನ್ಯಾಯವಲ್ಲ. ಮೆಣಸಿನ ಬಳ್ಳಿ ಸೊರಗಿ, ಕಾಫಿಯ ಧಾರಣೆ ಬಿದ್ದ ವರ್ಷ ಅವನೇ ಸಾಲಗಾರ. ಸಂಸತ್ತು 2020ರಲ್ಲಿ ಈ ಕಾಯ್ದೆಯನ್ನು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿತು. ಚಿಕ್ಕ ತೋಟದ ಆಳು ಯಾರ ಪಾಲಿಗೆ ಎಂಬ ಪ್ರಶ್ನೆ ಅದರಿಂದ ಬಗೆಹರಿಯಲಿಲ್ಲ.

ಇನ್ನು 1987ಕ್ಕೆ ಬರೋಣ. ನನ್ನ ಮಟ್ಟಿಗೆ ಈ ಕಥೆಯ ನಡುಮನೆ ಅದೇ. ರಾಮಕೃಷ್ಣ ಹೆಗಡೆಯವರ ಸರ್ಕಾರ 1983ರ ಕಾಯ್ದೆಯಡಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ 1987ರ ಜನವರಿಯಲ್ಲಿ ಚುನಾವಣೆ ನಡೆಸಿತು. ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಐಎಎಸ್ ಮುಖ್ಯ ಕಾರ್ಯದರ್ಶಿ. ಇದರ ಹಿಂದಿನ ಚಾಲಕ ಶಕ್ತಿ ಅಬ್ದುಲ್ ನಜೀರ್ ಸಾಬ್. ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡವರು ಅಧಿಕಾರವನ್ನೂ ಹಾಗೆಯೇ ಕೆಳಗಿನಿಂದ ತೆಗೆಯಲು ಹೊರಟಿದ್ದರು. 1988ರಲ್ಲಿ ಅವರು ತೀರಿಕೊಂಡರು.

ಪ್ರಾಥಮಿಕ ಆರೋಗ್ಯ ಕೇಂದ್ರಗಳು ಪರಿಷತ್ತಿನ ಕೈಗೆ ಬಂದವು. ಆ ವರ್ಷಗಳನ್ನು ನೋಡಿದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಮೇಷ್ಟ್ರೂ ಡಾಕ್ಟರೂ ಕೆಲಸಕ್ಕೆ ಬರತೊಡಗಿದರು. ಕಾರಣ ಬಹಳ ಸರಳ. ಆಸ್ಪತ್ರೆಯ ಬಾಗಿಲು ಹಾಕಿದೆ ಎಂಬ ಸುದ್ದಿ ಬೆಂಗಳೂರಿಗೆ ಮುಟ್ಟಲು ತಿಂಗಳು ಬೇಕಿತ್ತು. ಮಂಡಲದ ಪ್ರಧಾನರಿಗೆ ಅದು ಬೆಳಗಿನ ಕಾಫಿಯ ಹೊತ್ತಿಗೇ ತಿಳಿಯುತ್ತಿತ್ತು, ಮತ್ತು ಮುಂದಿನ ಸಭೆಯಲ್ಲಿ ಕೇಳುವ ಬಾಯಿಯೂ ಅವರಿಗಿತ್ತು.

ಡಾಕ್ಟರುಗಳ ಪಕ್ಷವನ್ನೂ ಹೇಳಬೇಕು. ಎಂಬಿಬಿಎಸ್ ಓದಿ ಬಂದವರಿಗೆ, ಔಷಧಿಯ ಹೆಸರನ್ನೂ ಓದಲಾಗದ ಸದಸ್ಯ ತಮ್ಮನ್ನು ಎದ್ದು ನಿಲ್ಲಿಸಿ ಪ್ರಶ್ನಿಸುವುದು ಹಿಡಿಸಲಿಲ್ಲ. ಸೋರುವ ಕ್ವಾರ್ಟರ್ಸಿನಲ್ಲಿ, ಮಕ್ಕಳಿಗೆ ಒಳ್ಳೆಯ ಶಾಲೆಯಿಲ್ಲದ ಊರಿನಲ್ಲಿ ಇರು ಎನ್ನುವವರು ಆ ಕ್ವಾರ್ಟರ್ಸಿಗೆ ಹೆಂಚು ಹೊದಿಸುವ ಹಣವನ್ನೂ ಕೊಡಬೇಕಲ್ಲ? ನೇಮಕ, ಸಂಬಳ, ಬಡ್ತಿ ಎಲ್ಲ ಇಲಾಖೆಯಲ್ಲೇ ಉಳಿದು ಹಾಜರಿ ಮಾತ್ರ ಪಂಚಾಯತಿಗೆ ಬಂದರೆ, ಡಾಕ್ಟರು ಇಬ್ಬರು ಯಜಮಾನರ ಮನೆಯ ಆಳಾಗುತ್ತಾನೆ.

1992ರಲ್ಲಿ ಅವಧಿ ಮುಗಿಯಿತು, ಆಡಳಿತಾಧಿಕಾರಿಗಳು ಬಂದರು. 1993ರ ಹೊಸ ಪಂಚಾಯತ್ ರಾಜ್ ಕಾಯ್ದೆ ಮೂರು ಹಂತಗಳನ್ನು ತಂದಿತು. ಗ್ರಾಮ ಪಂಚಾಯತಿಗೆ ಐದರಿಂದ ಏಳು ಸಾವಿರ ಜನಸಂಖ್ಯೆ ಎಂದರೂ, ಹಾಸನವೂ ಸೇರಿದಂತೆ ಮಲೆನಾಡು ಮತ್ತು ಕರಾವಳಿಯ ಜಿಲ್ಲೆಗಳಲ್ಲಿ 2,500ಕ್ಕೂ ಒಂದು ಪಂಚಾಯತಿ ಮಾಡಬಹುದೆಂದು ಅವಕಾಶವಿತ್ತಿತು. ಈ ಕಡೆಯ ಊರು ಒಂದೆಡೆ ಗುಂಪಾಗಿರುವುದಿಲ್ಲ. ಗುಡ್ಡಕ್ಕೊಂದು ಮನೆ, ಕಣಿವೆಗೆ ನಾಲ್ಕು ಒಕ್ಕಲು. ಆಸ್ಪತ್ರೆಯ ಲೆಕ್ಕದಲ್ಲಿಯೂ ಬಯಲಿಗೆ ಮೂವತ್ತು ಸಾವಿರ ಜನಕ್ಕೊಂದು ಆರೋಗ್ಯ ಕೇಂದ್ರವಾದರೆ ಗುಡ್ಡಗಾಡಿಗೆ ಇಪ್ಪತ್ತು ಸಾವಿರಕ್ಕೊಂದು. ಆದರೆ ಮಲೆನಾಡಿನಲ್ಲಿ ತಲೆ ಎಣಿಸಿದರೆ ಸಾಲದು, ಹಳ್ಳ ಎಣಿಸಬೇಕು.

ಇದೇ ಹೊತ್ತಿಗೆ ಮತ್ತೆರಡು ಮಾದರಿಗಳು ಹುಟ್ಟಿದವು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಮಾಡಿದ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟಿಗೆ 1996ರಲ್ಲಿ ಸರ್ಕಾರ ಗುಂಬಳ್ಳಿಯ ಆರೋಗ್ಯ ಕೇಂದ್ರವನ್ನು ನಡೆಸಲು ವಹಿಸಿತು. ಕಟ್ಟಡ ಸರ್ಕಾರದ್ದು, ಆಡಳಿತ ಟ್ರಸ್ಟಿನದು. ಒಳ್ಳೆಯವರ ಕೈಗೆ ಬಿದ್ದರೆ ಇದು ಬಹಳ ಚೆನ್ನಾಗಿ ನಡೆಯುತ್ತದೆ. ಕೆಟ್ಟವರ ಕೈಗೆ ಬಿದ್ದರೆ ಏನು ಗತಿ ಎಂಬುದಕ್ಕೆ ಕರಾರು ಪತ್ರ ಬಿಟ್ಟರೆ ಬೇರೆ ಉತ್ತರವಿಲ್ಲ. ಇನ್ನೊಂದು ಮಾದರಿ ಇಂದೋರಿನಿಂದ ಬಂತು. ಅಲ್ಲಿ 1990ರ ದಶಕದ ನಡುವಿನಲ್ಲಿ ದೊಡ್ಡಾಸ್ಪತ್ರೆಯೊಂದನ್ನು ಸರಿಪಡಿಸಲು ಅಧಿಕಾರಿಗಳು, ಜನಪ್ರತಿನಿಧಿಗಳು, ಊರ ಪ್ರಮುಖರು ಸೇರಿದ ಸಂಘ ರಚಿಸಿ, ವಸೂಲಾದ ಹಣವನ್ನು ಅಲ್ಲೇ ಖರ್ಚು ಮಾಡುವ ಅಧಿಕಾರ ಕೊಟ್ಟರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಅದನ್ನೇ ದೇಶಕ್ಕೆಲ್ಲ ಹಬ್ಬಿಸಿತು. ನಮ್ಮಲ್ಲಿ ಅದರ ಹೆಸರು ಆರೋಗ್ಯ ರಕ್ಷಾ ಸಮಿತಿ.

ಅದರ ಜೊತೆಗೇ ಹಳ್ಳಿಯ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯೂ ಬಂತು. ಭೋರ್ ಅವರ ಸಮಿತಿ ಅರವತ್ತು ವರ್ಷ ತಡವಾಗಿ ಹುಟ್ಟಿದಂತಾಯಿತು! ಗ್ರಾಮ ಪಂಚಾಯತಿ ಸದಸ್ಯರು, ಆಶಾ ಕಾರ್ಯಕರ್ತೆ, ಅಂಗನವಾಡಿಯವರು, ಸ್ತ್ರೀಶಕ್ತಿ ಸಂಘದವರು ಅದರಲ್ಲಿರುತ್ತಾರೆ. ವರ್ಷಕ್ಕೆ ಹತ್ತು ಸಾವಿರ ರೂಪಾಯಿಯ ಮುಕ್ತ ನಿಧಿ, ಬ್ಯಾಂಕಿನಲ್ಲಿ ಜಂಟಿ ಖಾತೆ. ಹಣ ಚಿಕ್ಕದು. ಆದರೆ ಬಾಣಂತಿಗೆ ಜೀಪಿನ ಬಾಡಿಗೆ ಕೊಡಲು, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಲು ಮೇಲಿನವರ ಮಂಜೂರಾತಿಗೆ ಕಾಯಬೇಕಿಲ್ಲ ಎಂಬುದು ದೊಡ್ಡದು.

ಹೀಗೆ ಇಂದು ದಾನಿಯ ಹೆಸರು, ಇಲಾಖೆಯ ಸಂಬಳ, ಪಂಚಾಯತಿಯ ಮೇಲ್ವಿಚಾರಣೆ, ಸಮಿತಿಯ ಖಾತೆ ಎಲ್ಲ ಒಟ್ಟಿಗಿವೆ. ಇವುಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ ನಾನು ಚುನಾಯಿತ ಪಂಚಾಯತಿಯ ಕಡೆಗೇ ವಾಲುತ್ತೇನೆ, ಅದರ ಜಗಳ ಗದ್ದಲಗಳ ಸಮೇತ. ನೇಮಕವಾದ ಸಮಿತಿಯನ್ನು ಬದಲಿಸಲು ಊರಿನವರ ಕೈಯಲ್ಲಿ ಏನೂ ಇಲ್ಲ. ಪಂಚಾಯತಿಯಾದರೆ ಐದು ವರ್ಷಕ್ಕೊಮ್ಮೆಯಾದರೂ ಮತವಿದೆ. ಆ ಮತವನ್ನೂ ಮುಂದೂಡಿದರೆ ಮಾತ್ರ ಈ ವಾದ ಕುಸಿಯುತ್ತದೆ. ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಕೋವಿಡ್ ಕಾಲದಲ್ಲಿ ಹಳ್ಳಿಯ ಕಾರ್ಯಪಡೆಗಳಿಗೆ ಹೆಗಲಾದದ್ದು ಗ್ರಾಮ ಪಂಚಾಯತಿಗಳೇ. ಆದರೆ ಅವುಗಳ ಮೇಲಿನ ಮೆಟ್ಟಿಲು ಖಾಲಿ ಬಿತ್ತು.

ಮತದ ಮಾತು ಬಂದಾಗ ಲೈನುಮನೆಯವರ ನೆನಪಾಗದಿರದು. ಹಿಂದೆ ತಮಿಳುನಾಡಿನಿಂದ, ಘಟ್ಟದ ಕೆಳಗಿನಿಂದ ಆಳು ಬರುತ್ತಿದ್ದ ತೋಟಗಳಿಗೆ ಈಗ ಅಸ್ಸಾಮಿನಿಂದಲೂ ಬರುತ್ತಾರೆ. ಅವರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿರುವುದಿಲ್ಲ. ಗ್ರಾಮಸಭೆಯಲ್ಲಿ ಅವರಿಗೆ ಜಾಗವಿಲ್ಲ, ಸಮಿತಿಯಲ್ಲಿ ಕುರ್ಚಿಯಿಲ್ಲ, ಚಿಕ್ಕ ತೋಟವಾದರೆ ಮಾಲೀಕನ ಮೇಲೆ ಹಳೆಯ ಕಾಯ್ದೆಯ ಹಂಗೂ ಇರಲಿಲ್ಲ. ಆ ಮನೆಯ ಮಗುವಿಗೆ ರಾತ್ರಿ ಜ್ವರ ಏರಿದರೆ ತಾಯಿ ಬಾಗಿಲು ತಟ್ಟುವುದು ಈಗಲೂ ಸಾಹುಕಾರರದ್ದೇ. ಜೀಪು ಇರುವುದು ಅವರ ಅಂಗಳದಲ್ಲಿ.