ಹಾಲು ಬಿಡಿಸಿದ ಮೇಲೆ

ಅಮೃತ ಮಹಲ್ ಅಂದ ಕೂಡಲೇ ಅಜ್ಜಂಪುರ ಕಡೆಯವರು ಎತ್ತಿನ ಕಥೆ ಶುರು ಮಾಡ್ತೀವಿ. ನಾನು ಈ ಸಲ ಹಾಲಿನ ಕಥೆ ಹೇಳ್ತೀನಿ.

ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ' ಟಿಪ್ಪು ಕಾಲಕ್ಕೆ 'ಅಮೃತ ಮಹಲ್' ಆಯಿತು. ಹೆಸರಲ್ಲಿ ಬೆಣ್ಣೆಯೂ ಇದೆ, ಅಮೃತವೂ ಇದೆ. ಆದರೆ ಈ ತಳಿಯ ಹಸು ಹಾಲಿಗೆ ಹೆಸರಾದದ್ದಲ್ಲ. ಕೊಡುವ ಅಲ್ಪ ಹಾಲೂ ಬಹುಪಾಲು ಕರುವಿಗೇ ಹೋಗ್ತಿತ್ತು. ದಯೆಯಿಂದ ಅಂದ್ಕೋಬೇಡಿ. ಸೈನ್ಯಕ್ಕೆ ಫಿರಂಗಿ ಎಳೆಯುವ ಎತ್ತು ಬೇಕಿತ್ತು, ಬಡಕಲು ಕರು ಅಂಥ ಎತ್ತಾಗಲ್ಲ. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಅಂತ ಕಾವಲುಗಳನ್ನೇ ವಿಂಗಡಿಸಿದ್ದರು. ಕಡೂರಿನ ಬಾಸೂರು ಕಾವಲ್ ಆ ಹುಲ್ಲುಗಾವಲುಗಳ ಪಳೆಯುಳಿಕೆ. 1860ರಲ್ಲಿ ಬ್ರಿಟಿಷರು ಖರ್ಚು ಉಳಿಸೋಕೆ ಇಡೀ ಹಿಂಡನ್ನು ಮಾರಿ, 1866ರಲ್ಲಿ ಮತ್ತೆ ಕಟ್ಟಿದರು.

ಹಂದಿಮರಿಗಳ ಇತಿಹಾಸ ಇದಕ್ಕೆ ಉಲ್ಟಾ. ತಾಯಿ ಜೊತೆ ತಾನಾಗೇ ಬಿಟ್ಟರೆ ಮರಿ ಮೂರು-ನಾಲ್ಕು ತಿಂಗಳಲ್ಲಿ ನಿಧಾನಕ್ಕೆ ಹಾಲು ಮರೆಯುತ್ತೆ. ಫಾರ್ಮಿನಲ್ಲಿ ಮೂರು-ನಾಲ್ಕು ವಾರಕ್ಕೇ ಬಿಡಿಸ್ತಾರೆ, ಯಾಕಂದ್ರೆ ಹಾಲು ಬಿಡಿಸಿದ ಒಂದು ವಾರದೊಳಗೆ ತಾಯಿ ಮತ್ತೆ ಬೆದೆಗೆ ಬರುತ್ತೆ. ಆ ಎಳೇ ಹೊಟ್ಟೆಯಲ್ಲಿ ಆಮ್ಲ ಸಾಲದು, ಧಾನ್ಯ ಅರಗಿಸುವ ಕಿಣ್ವವೂ ಸಾಲದು. ಕರುಳಿನೊಳಗಿನ, ಆಹಾರ ಹೀರುವ ಎಳೆಗಳು ಮೊಂಡಾಗ್ತವೆ. ಇ. ಕೋಲಿಗೆ ಹಬ್ಬ, ಮರಿಗೆ ಭೇದಿ.

ಇನ್ನೊಂದು ವಿಷಯ. ಹಂದಿಯ ಹಾಲಿನಲ್ಲಿ ಕಬ್ಬಿಣ ತೀರಾ ಕಮ್ಮಿ. ನಮ್ಮೂರ ಹಂದಿಗಳಂತೆ ಮಣ್ಣು ಕೆದಕೋ ಮರಿಗೆ ಅದು ಮಣ್ಣಿನಿಂದಲೇ ಸಿಗುತ್ತೆ. ಸಿಮೆಂಟ್ ನೆಲದ ಮರಿಗೆ ಹುಟ್ಟಿದ ಮೊದಲ ದಿನಗಳಲ್ಲೇ ಕಬ್ಬಿಣದ ಇಂಜೆಕ್ಷನ್ ಬೇಕು. ಗಲೀಜು ಅಂತ ನಾವು ಮೂಗು ಮುಚ್ಚುವ ಆ ಕೆಸರೇ ಅವುಗಳ ಟಾನಿಕ್ಕು.

ಭೇದಿಗೆ ಸಿಕ್ಕ ಮದ್ದು ಆಕಸ್ಮಿಕ. ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಜ್ಯೂಕ್ಸ್ ಮತ್ತು ಸ್ಟಾಕ್‌ಸ್ಟಾಡ್ ವಿಟಮಿನ್ ಬಿ12 ಹುಡುಕ್ತಿದ್ದರು. ಆರಿಯೋಮೈಸಿನ್ ತಯಾರಿಕೆಯಲ್ಲಿ ಉಳಿದ ಚರಟ ತಿಂದ ಕೋಳಿಗಳು ದಿಢೀರ್ ಬೆಳೆದವು. ಹಂದಿಮರಿಗಳಲ್ಲೂ ಹಾಗೇ ಆಯಿತು. 1950ರಿಂದ ಆಂಟಿಬಯಾಟಿಕ್ ಔಷಧಿ ಕಪಾಟಿನಿಂದ ಹಿಂಡಿ ಮೂಟೆಗೆ ಇಳಿಯಿತು.

ಬೆಲೆ ಆಮೇಲೆ ತಿಳಿಯಿತು. 1986ರಲ್ಲಿ ಸ್ವೀಡನ್ ಬೆಳವಣಿಗೆಗಾಗಿ ಆಂಟಿಬಯಾಟಿಕ್ ಹಾಕೋದನ್ನ ನಿಲ್ಲಿಸಿತು, 2006ರಲ್ಲಿ ಇಡೀ ಯುರೋಪ್ ಒಕ್ಕೂಟ. 2015ರಲ್ಲಿ ಚೀನಾದ ವಿಜ್ಞಾನಿಗಳು ಒಂದು ವಂಶವಾಹಿ ಕಂಡರು. ಐಸಿಯುಗಳು ಕೊನೇ ಅಸ್ತ್ರ ಅಂತ ಇಟ್ಟುಕೊಂಡಿದ್ದ ಕೊಲಿಸ್ಟಿನ್‌ಗೂ ಬಗ್ಗದ ಆ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತೆ. ಅದು ಸಿಕ್ಕಿದ್ದು ಹಂದಿಗಳಲ್ಲಿ, ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲೂ. 2019ರ ಜುಲೈಯಲ್ಲಿ ಭಾರತ ಪಶು ಆಹಾರದಲ್ಲಿ ಕೊಲಿಸ್ಟಿನ್ ನಿಷೇಧಿಸಿತು. ನಿಮ್ಮ ಅಪ್ಪ ಐಸಿಯುನಲ್ಲಿರುವಾಗ ಡಾಕ್ಟರ ಕೈಯಲ್ಲಿ ಏನು ಉಳಿದಿರುತ್ತೆ ಅನ್ನೋದು ಮರಿಯ ಭೇದಿಗೆ ಹೀಗೆ ಗಂಟುಬಿದ್ದಿದೆ. ಪರ್ಯಾಯವಾಗಿ ಬಳಸ್ತಿದ್ದ ಔಷಧೀಯ ಪ್ರಮಾಣದ ಝಿಂಕ್ ಆಕ್ಸೈಡನ್ನೂ ಯುರೋಪ್ 2022ರಲ್ಲಿ ಬಿಡಿಸಿತು, ಗೊಬ್ಬರದ ಮೂಲಕ ಮಣ್ಣಿಗೆ ಸೇರುತ್ತೆ ಅಂತ.

ಈಗಿನ ಮೂಟೆಯಲ್ಲಿ ಸಾವಯವ ಆಮ್ಲ, ಕಿಣ್ವ, ಲ್ಯಾಕ್ಟೋಬ್ಯಾಸಿಲಸ್. ನಮ್ಮ ಆಫೀಸ್ ಟೇಬಲ್ಲುಗಳ ಮೇಲಿನ ಪ್ರೋಬಯಾಟಿಕ್ ಡಬ್ಬಿಯ ದಾಯಾದಿಗಳೇ.

ತರೀಕೆರೆ ಕಡೆ ಹಂದಿ ಸಾಕುವ ಪರಿಚಯದವರೊಬ್ಬರಿದ್ದಾರೆ. ಎರಡನೇ ವಾರದಿಂದಲೇ ಮರಿಗೆ ಸ್ವಲ್ಪಸ್ವಲ್ಪ ಹಿಟ್ಟು ರೂಢಿ ಮಾಡಿಸಿ, ಐದನೇ ವಾರಕ್ಕೆ ಹಾಲು ಬಿಡಿಸ್ತಾರೆ. ಭೇದಿ ಕಮ್ಮಿಯಾಗಿದೆಯಂತೆ. ಇನ್ನೂ ಎರಡು ವಾರ ಬಿಟ್ಟರೆ ಹೇಗೆ ಅಂತ ಕೇಳಿದೆ. "ಅರಮನೆ ಎತ್ತಲ್ಲ ಕಣಪ್ಪ ಇವು, ಬ್ಯಾಂಕ್ ಸಾಲದ್ದು" ಅಂದರು.