ಕೊಕ್ಕರೆ ರೋಗ ಮತ್ತು ಹಿತ್ತಲ ಕೋಳಿ

ಕುಂದಗೋಳ ತಾಲ್ಲೂಕಿನ ಕುಬಿಹಾಳದಂಥ ಎರೆಭೂಮಿಯ ಊರುಗಳಲ್ಲಿ ಜವಾರಿ ಕೋಳಿಯೆಂದರೆ ಹೆಂಗಸರ ಕೈಗಂಟು. ಹತ್ತಿ, ಮೆಣಸಿನಕಾಯಿಯ ಹಣ ಸಾಲಕ್ಕೆ ಜಮೆಯಾಗುತ್ತದೆ. ಮಕ್ಕಳ ಪಾಟಿಗೆ, ಜಾತ್ರೆಯ ಬಳೆಗೆ ಒದಗುವುದು ತತ್ತಿ ಮಾರಿದ ದುಡ್ಡು. ಈ ಗಂಟನ್ನು ಒಂದೇ ವಾರದಲ್ಲಿ ಬರಿದು ಮಾಡಬಲ್ಲದ್ದು ಕೊಕ್ಕರೆ ರೋಗ. ಕೋಳಿ ತೂಕಡಿಸುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ, ಹಸಿರು ಹಿಕ್ಕೆ ಹಾಕುತ್ತದೆ. ಬದುಕಿ ಉಳಿದದ್ದರ ಕತ್ತು ತಿರುಚಿಕೊಳ್ಳುತ್ತದೆ.

ಪಶುವೈದ್ಯರು ಇದನ್ನು ರಾಣಿಖೇತ್ ರೋಗ ಎನ್ನುತ್ತಾರೆ. 1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಂಡ ಪಿಡುಗು ಮರುವರ್ಷವೇ ಕುಮಾವೂಂ ಬೆಟ್ಟಗಳ ರಾಣಿಖೇತದಲ್ಲಿ ಗುರುತಾಯಿತು. ಚೆಂದದ ಗಿರಿಧಾಮಕ್ಕೆ ಇಂಥ ಹೆಸರು ಅಂಟಿದ್ದು ಅದರ ದುರದೃಷ್ಟ! ಆದರೆ ಮದ್ದೂ ಅದೇ ಬೆಟ್ಟದ ಸಾಲಿನಿಂದ ಬಂತು. ಮುಕ್ತೇಶ್ವರದ ಪಶುವೈದ್ಯ ಸಂಶೋಧನಾಲಯದವರು 1940ರ ದಶಕದಲ್ಲಿ ರೋಗಾಣುವನ್ನು ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ಮೇಲಿಂದ ಮೇಲೆ ಬೆಳೆಸಿ ಅದರ ಉಗ್ರತೆ ತಗ್ಗಿಸಿದರು. ಹಾಗೆ ಪಳಗಿಸಿದ ಅಣುವೇ ಲಸಿಕೆಯಾಯಿತು. ಇಂದಿಗೂ ಬಲಿತ ಕೋಳಿಗಳಿಗೆ ರೆಕ್ಕೆಯಡಿ ಚುಚ್ಚುವುದು ಅದರ ಸಂತತಿಯನ್ನೇ.

ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸರ್ಕಾರ 1925ರಲ್ಲಿ ದನಗಳ ದೊಡ್ಡರೋಗಕ್ಕೆ ಮದ್ದು ತಯಾರಿಸಲು ಸ್ಥಾಪಿಸಿದ ಸಂಸ್ಥೆ ಮುಂದೆ ಕೋಳಿಗಳ ಲಸಿಕೆಯನ್ನೂ ತಯಾರಿಸಿತು. ಅದೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ 1980ರ ದಶಕದ ಕೊನೆಗೆ ಗಿರಿರಾಜ ಕೋಳಿ ರೂಪುಗೊಂಡಿತು. ಬಣ್ಣದ ಗರಿ, ಕಸಕಡ್ಡಿ ಕೆದರಿ ತಿನ್ನುವ ಗುಣ, ನಾಟಿ ಕೋಳಿಗಿಂತ ಹೆಚ್ಚು ತತ್ತಿ. ಕೊರತೆಯೆಂದರೆ ಕಾವು ಕೂರುವುದಿಲ್ಲ. ಮರಿ ಬೇಕೆಂದರೆ ಜವಾರಿ ಹೇಂಟೆಯನ್ನೇ ಆಶ್ರಯಿಸಬೇಕು. ಮೈಭಾರದಿಂದ ನರಿ, ಕಾಡುಬೆಕ್ಕಿಗೆ ಸಿಕ್ಕಿಬೀಳುತ್ತದೆಂಬ ದೂರಿಗೆ 2005ರಲ್ಲಿ ಹಗುರ ಮೈಯ ಸ್ವರ್ಣಧಾರ ಉತ್ತರವಾಗಿ ಬಂತು. ಹಿತ್ತಲನ್ನು ಕಂಡವರೇ ತಳಿ ತಿದ್ದಿದಂತಿದೆ.

ಇನ್ನು ಮಾಂಸದ ಮಾತು. ಜಡ್ಡಾದ ಕೋಳಿ ಸಾಯುವ ಮೊದಲೇ ಕೊಯ್ದು ಸಾರು ಮಾಡುವ ರೂಢಿ ಹಳೆಯದು. ಕೊಕ್ಕರೆ ರೋಗದಿಂದ ಮನುಷ್ಯರಿಗೆ ಕಣ್ಣುಬೇನೆಗಿಂತ ಹೆಚ್ಚಿನದು ಅಪರೂಪವಾದ್ದರಿಂದ ರೂಢಿ ದಕ್ಕಿತು. ಹಕ್ಕಿಜ್ವರ ಹಾಗಲ್ಲ. 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರಕ್ಕೇ ಅದು ನುಗ್ಗಿತು. ಚೆನ್ನಾಗಿ ಬೆಂದ ಮಾಂಸದಲ್ಲಿ ಆ ವೈರಾಣು ಉಳಿಯದು. ಅಪಾಯವಿರುವುದು ಕೊಯ್ಯುವಾಗ, ಪುಕ್ಕ ತರಿಯುವಾಗ. ಎರಡೂ ರೋಗಗಳ ಆರಂಭ ಒಂದೇ ಬಗೆಯಾಗಿ ಕಾಣುವುದರಿಂದ ಮನೆಯಲ್ಲಿ ಕುಳಿತು ಇದು ಯಾವುದೆಂದು ಹೇಳಲಾಗದು. ಜಡ್ಡಿನ ಕೋಳಿಯನ್ನು ಕೊಯ್ಯದೆ ಪಶುವೈದ್ಯರಿಗೆ ಸುದ್ದಿ ಮುಟ್ಟಿಸಬೇಕು.

ಲಸಿಕೆ ಅಗ್ಗ. ತೊಡಕಿರುವುದು ಬಾಟಲಿಯಲ್ಲಿ. ಒಂದು ಬಾಟಲಿಯ ಮದ್ದು ನೂರು ಕೋಳಿಗಾಗುತ್ತದೆ. ತಂಪಿನಲ್ಲೇ ತರಬೇಕು, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಹತ್ತು ಕೋಳಿಯ ಮನೆಗೆ ಇದು ಹೊಂದುವುದಿಲ್ಲ. ಓಣಿಯವರೆಲ್ಲ ಒಂದೇ ದಿನ ಗೊತ್ತುಮಾಡಿ, ನಸುಕಿನಲ್ಲಿ ಬುಟ್ಟಿ ಎತ್ತುವ ಮೊದಲೇ ಲಸಿಕೆ ಹಾಕಿಸಬೇಕು.